ವಿಕೆಟ್ಟಿನ ಹಿಂದೆ ಹತ್ತು ವರ್ಷ: ಸೈಯದ್ ಕಿರ್ಮಾನಿ

ಹಳಗನ್ನಡದಲ್ಲಿ ಬಾಣಸವೆಂದರೆ ಅಡುಗೆ, ಬಾಣಸಿಗನೆಂದರೆ ಅಡುಗೆಯವನು. ಬೆಂಗಳೂರು ದಂಡುಪ್ರದೇಶದ ಪೂರ್ವಕ್ಕಿರುವ ಬಾಣಸವಾಡಿಯ ಹೆಸರು ಕಿವಿಗೆ ಬಿದ್ದೊಡನೆ ಕನ್ನಡ ಕಾವ್ಯಗಳನ್ನು ಓದಿದವರಿಗೆ ಈ ಪದ ನೆನಪಾಗದೆ ಇರದು. ಸ್ಥಳನಾಮದ ನಿಷ್ಪತ್ತಿಯನ್ನು ನಿರ್ಣಯಿಸುವ ಉದ್ದೇಶ ಈ ಲೇಖನಕ್ಕಿಲ್ಲ. ಬಾಣಸಿಗನ ವೃತ್ತಿಗೆ ಇರುವ ಒಂದು ವಿಶೇಷ ಲಕ್ಷಣವನ್ನು ಮಾತ್ರ ಇಲ್ಲಿ ಸ್ಮರಿಸಬೇಕಾಗಿದೆ. ಸಾರಿಗೆ ಉಪ್ಪು ಹದವಾಗಿ ಬಿದ್ದ ದಿನ ಪಂಕ್ತಿಯವರು ಉಂಡು ಕೈತೊಳೆದು ಎದ್ದು ಹೋಗುತ್ತಾರೆ. ಉಪ್ಪು ಹೆಚ್ಚಾದ ದಿನ ಅಡುಗೆಯವನು ಯಾರೆಂದು ವಿಚಾರಿಸುತ್ತಾರೆ. ಕ್ರಿಕೆಟ್ ಆಟದಲ್ಲಿ ಇದೇ ಲಕ್ಷಣವುಳ್ಳ ಸ್ಥಾನವೊಂದಿದೆ. ಅದು ವಿಕೆಟ್ ಕೀಪರನ ಸ್ಥಾನ.

ಬಾಣಸವಾಡಿ ಈಗ ಗ್ರಾಮವಾಗಿ ಉಳಿದಿಲ್ಲ. ಹೊಲಗದ್ದೆಗಳಿದ್ದಲ್ಲಿ ಬಡಾವಣೆಗಳು ಎದ್ದಿವೆ. ಆದರೂ ಭಾನುವಾರದ ಬೆಳಿಗ್ಗೆ ಅಲ್ಲಿಯ ಯಾವುದಾದರೂ ಅಡ್ಡರಸ್ತೆಯಲ್ಲಿ ಹಾದುಹೋಗುವವರು ಮಕ್ಕಳ ಆಟವನ್ನು ಕಾಣಬಹುದು. ಬ್ಯಾಟು ತಂದವನು ಮೊದಲು ಆಡುತ್ತಾನೆ. ಗಟ್ಟಿಗನಾದವನು ಚೆಂಡನ್ನು ಕೈಬಿಡುವುದಿಲ್ಲ. ಎಲ್ಲರಿಗಿಂತ ಚಿಕ್ಕವನನ್ನು, ಎದುರು ಮಾತನಾಡಲಾರದವನನ್ನು, ಇಟ್ಟಿಗೆ ಜೋಡಿಸಿದ ವಿಕೆಟ್ಟಿನ ಹಿಂದೆ ನಿಲ್ಲಿಸುತ್ತಾರೆ. ಅವನು ಹಿಡಿದ ಚೆಂಡುಗಳ ಲೆಕ್ಕ ಯಾರಲ್ಲಿಯೂ ಇರುವುದಿಲ್ಲ. ಬಿಟ್ಟ ಚೆಂಡು ಮೋರಿಗೆ ಬಿದ್ದಾಗ ಅದನ್ನು ತರುವ ಕೆಲಸವೂ ಅವನದೇ. 1809ರಲ್ಲಿ ದಂಡು ನೆಲೆಗೊಂಡ ಮೇಲೆ ಬಿಳಿಯ ಅಧಿಕಾರಿಗಳೊಡನೆ ಈ ಸೀಮೆಗೆ ಬಂದ ಆಟವು ಮೈದಾನದಿಂದ ಬೀದಿಗೆ, ಬೀದಿಯಿಂದ ಓಣಿಗೆ ಇಳಿದು ನಮ್ಮದೇ ಆಗಿದೆ. ಈ ಅಲಿಖಿತ ನಿಯಮ ಮಾತ್ರ ಎಲ್ಲ ಓಣಿಗಳಲ್ಲಿಯೂ ಒಂದೇ.

ಪತ್ರಿಕೆಗಳವರು ವಿಕೆಟ್ ಕೀಪರನನ್ನು ವಿಕೆಟ್ ರಕ್ಷಕನೆಂದೂ ಗೂಟರಕ್ಷಕನೆಂದೂ ಕನ್ನಡಿಸಿದ್ದಾರೆ. ಶಬ್ದಾರ್ಥವನ್ನು ಪರಿಶೀಲಿಸಿದರೆ ಇದು ತಲೆಕೆಳಗಾದ ಮಾತು. ಗೂಟವನ್ನು ರಕ್ಷಿಸಲು ನಿಂತವನು ಬ್ಯಾಟುಗಾರ. ಹಿಂದೆ ಕುಕ್ಕರಗಾಲಿನಲ್ಲಿ ಕುಳಿತವನಾದರೋ ಅದನ್ನು ಕೆಡವಲು ಹೊಂಚುಹಾಕುತ್ತಿರುವವನು. ರೂಢಿಗೆ ಬಂದ ಪದವಾದ್ದರಿಂದ ಮುಂದೆ ಇಲ್ಲಿಯೂ ಅದನ್ನೇ ಬಳಸಲಾಗಿದೆ.

ಈ ಕಷ್ಟದ ವೃತ್ತಿಯಲ್ಲಿ ಕನ್ನಡನಾಡು ಭಾರತಕ್ಕೆ ಕೊಟ್ಟ ಹೆಸರುಗಳು ಹಲವು. ಅವುಗಳಲ್ಲಿ ಶ್ರೀ ಸೈಯದ್ ಮುಜ್ತಬಾ ಹುಸೇನ್ ಕಿರ್ಮಾನಿಯವರದು ಅಗ್ರಗಣ್ಯವಾದದ್ದು. ಅವರಿಗಿಂತ ಮೊದಲು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ 1939ರಲ್ಲಿ ಜನಿಸಿದ ಬುಧಿ ಕುಂದರನ್ ಅವರಿದ್ದರು. ಒಂದು ರಣಜಿ ಪಂದ್ಯವನ್ನೂ ಆಡುವ ಮುನ್ನವೇ 1960ರ ಜನವರಿಯಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಆಡಿದ ಅಸಾಮಾನ್ಯರು ಅವರು. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 192 ರನ್ನುಗಳನ್ನೂ ಆ ಒಂದೇ ಸರಣಿಯಲ್ಲಿ 525 ರನ್ನುಗಳನ್ನೂ ಗಳಿಸಿದರು. ಇಷ್ಟಾದರೂ ಅವರು ಆಡಿದ್ದು 18 ಟೆಸ್ಟ್‌ಗಳನ್ನು ಮಾತ್ರ. ಮುಂಬಯಿಯ ಫರೂಕ್ ಇಂಜಿನಿಯರ್ ಅವರೊಡನೆ ಒಂದೇ ಸ್ಥಾನಕ್ಕಾಗಿ ಪೈಪೋಟಿ ನಡೆಸುತ್ತಲೇ ಅವರ ಕಾಲ ಕಳೆಯಿತು. ಕೊನೆಗೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ 2006ರಲ್ಲಿ ಗ್ಲಾಸ್ಗೋ ನಗರದಲ್ಲಿ ನಿಧನರಾದರು. ತಂಡವೊಂದರಲ್ಲಿ ಬ್ಯಾಟುಗಾರರಿಗೆ ಆರು ಸ್ಥಾನಗಳುಂಟು, ಬೌಲರುಗಳಿಗೆ ನಾಲ್ಕೈದು. ವಿಕೆಟ್ ರಕ್ಷಕನಿಗೆ ಇರುವುದು ಒಂದೇ. ಇಬ್ಬರು ಸಮರ್ಥರು ಒಂದೇ ಕಾಲದಲ್ಲಿ ಹುಟ್ಟಿದರೆ ಒಬ್ಬನು ಕಾಯುತ್ತ ಕೂರಬೇಕು. ಕಿರ್ಮಾನಿಯವರ ವೃತ್ತಿಜೀವನವನ್ನು ತಿಳಿಯಲು ಈ ಅಂಶ ಮನಸ್ಸಿನಲ್ಲಿರುವುದು ಅಗತ್ಯ.

ಕಿರ್ಮಾನಿಯವರು ಜನಿಸಿದ್ದು 1949ರ ಡಿಸೆಂಬರ್ 29ರಂದು, ಮದರಾಸಿನಲ್ಲಿ. ಆಟಗಾರರಾಗಿ ಬೆಳೆದದ್ದು ಬೆಂಗಳೂರಿನಲ್ಲಿ. ಬಾಲ್ಯದಲ್ಲಿ ಬೀದಿಯಾಟದಲ್ಲಿ ಕೈಗವಸಿಲ್ಲದೆ ಎರಡು ಇಟ್ಟಿಗೆಗಳನ್ನೇ ಹಿಡಿದು ಚೆಂಡನ್ನು ತಡೆಯುತ್ತಿದ್ದುದನ್ನು ಅವರು ಸಂದರ್ಶನಗಳಲ್ಲಿ ನಗುತ್ತ ಹೇಳಿಕೊಂಡಿದ್ದಾರೆ. ಇಟ್ಟಿಗೆ ಚೆಂಡನ್ನು ಹಿಡಿಯಲಾರದು, ತಡೆಯಬಲ್ಲದು ಅಷ್ಟೆ. ಅದಕ್ಕೆ ಚೆಂಡಿನ ಹಾದಿಗೆ ನೇರವಾಗಿ ಕೈಯೊಡ್ಡಬೇಕು. ಕಣ್ಣು ಒಂದು ಕ್ಷಣ ತಪ್ಪಿದರೂ ಬೆರಳು ಜಜ್ಜಿತು. ಗುರುವಿಲ್ಲದ ಕಡೆ ಇಟ್ಟಿಗೆಯೇ ಗುರುವಾಯಿತೆನ್ನಬಹುದು. 1967ರಲ್ಲಿ ಭಾರತದ ಶಾಲಾ ಬಾಲಕರ ತಂಡದೊಡನೆ ಇಂಗ್ಲೆಂಡಿಗೆ ತೆರಳಿದಾಗ ಅವರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ.

ಅಂದಿನ ಮೈಸೂರು ರಾಜ್ಯದ ತಂಡವನ್ನು ಸೇರಿದ್ದು ಅವರ ಪಾಲಿಗೆ ದೊರೆತ ದೊಡ್ಡ ವಿದ್ಯಾಲಯ. ಅಲ್ಲಿ ಇಬ್ಬರು ಅಸಾಧಾರಣ ಬೌಲರುಗಳಿದ್ದರು. ಎರಪಳ್ಳಿ ಪ್ರಸನ್ನ ಅವರು ಚೆಂಡನ್ನು ಗಾಳಿಯಲ್ಲಿ ತೇಲಿಬಿಡುತ್ತಿದ್ದರು. ಅದು ಬಂದು ಬೀಳುವುದೆಂದು ಬ್ಯಾಟುಗಾರನು ಎಣಿಸಿದ ಜಾಗಕ್ಕಿಂತ ಹಿಂದೆಯೇ ಬೀಳುತ್ತಿತ್ತು. ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದ ಪೋಲಿಯೋದಿಂದ ಸೊರಗಿತ್ತು. ಆ ಸೊರಗಿದ ಕೈಯಿಂದಲೇ ಅವರು ಲೆಗ್ ಸ್ಪಿನ್ನು ಗೂಗ್ಲಿಗಳನ್ನು ಮಧ್ಯಮ ವೇಗದ ಬೌಲರನಷ್ಟು ಬಿರುಸಾಗಿ ಎಸೆಯುತ್ತಿದ್ದರು. ಚೆಂಡು ಎತ್ತ ತಿರುಗುವುದೆಂಬುದು ಅನೇಕ ವೇಳೆ ಬೌಲರನಿಗೂ ಮುಂದಾಗಿ ತಿಳಿದಿರುತ್ತಿರಲಿಲ್ಲವೆಂದು ಕ್ರಿಕೆಟ್ ಬಲ್ಲವರು ವಿನೋದವಾಗಿ ಹೇಳುವುದುಂಟು. ಬ್ಯಾಟುಗಾರನಾದರೆ ತಪ್ಪಿ ಔಟಾಗಿ ನೆರಳಿಗೆ ಹೋಗಬಹುದು. ಹಿಂದೆ ಕುಳಿತವನಿಗೆ ದಿನವಿಡೀ ಅದೇ ಪರೀಕ್ಷೆ.

ಆ ಪರೀಕ್ಷೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಯುಕ್ತ. ವೇಗದ ಬೌಲರನಿಗೆ ರಕ್ಷಕನು ಹದಿನೈದು ಇಪ್ಪತ್ತು ಗಜ ಹಿಂದೆ ನಿಲ್ಲುತ್ತಾನೆ. ಚೆಂಡನ್ನು ನೋಡಿ ಚಲಿಸಲು ಅವನಿಗೆ ಕಾಲಾವಕಾಶವುಂಟು. ಸ್ಪಿನ್ ಬೌಲರನಿಗಾದರೋ ಗೂಟಕ್ಕೆ ಅಂಟಿಕೊಂಡೇ ಕುಳಿತಿರಬೇಕು. ಬ್ಯಾಟುಗಾರನ ದೇಹ, ಬ್ಯಾಟು, ಪ್ಯಾಡುಗಳು ಚೆಂಡಿಗೂ ಕಣ್ಣಿಗೂ ನಡುವೆ ತೆರೆಯಾಗುತ್ತವೆ. ಕಾಲಿನ ಬದಿಗೆ ಬಂದ ಚೆಂಡಂತೂ ಕೊನೆಯ ಗಳಿಗೆಯಲ್ಲಿ ಕಾಣದೆಯೇ ಹೋಗುತ್ತದೆ, ಊಹೆಯಿಂದ ಕೈಯೊಡ್ಡಬೇಕು. ಆತುರದಿಂದ ಮೊದಲೇ ಎದ್ದುನಿಂತರೆ ಕೆಳಗೆ ಜಾರಿದ ಚೆಂಡು ಕಾಲಸಂದಿಯಲ್ಲಿ ನುಸುಳುವುದು. ತಡವಾಗಿ ಎದ್ದರೆ ಪುಟಿದ ಚೆಂಡು ಎದೆಗೆ ಬಡಿಯುವುದು. ಆದ್ದರಿಂದ ಚೆಂಡು ನೆಲ ಮುಟ್ಟುವವರೆಗೆ ಕುಳಿತಿದ್ದು ಅದು ಏಳುವಾಗ ಅದರೊಡನೆಯೇ ಏಳಬೇಕು. ಬೆರಳುಗಳು ನೆಲದತ್ತ ಬಾಗಿರಬೇಕು. ಚೆಂಡು ಅಂಗೈ ಸೇರುವಾಗ ಕೈ ಹಿಂದಕ್ಕೆ ಸರಿದು ಅದನ್ನು ಬರಮಾಡಿಕೊಳ್ಳಬೇಕು. ಎದುರು ನೂಕಿದರೆ ಚೆಂಡು ಸಿಡಿದು ಹೊರಬೀಳುತ್ತದೆ, ಬೆರಳ ಮೂಳೆ ಮುರಿಯುತ್ತದೆ. ದಿನಕ್ಕೆ ಐನೂರಕ್ಕೂ ಹೆಚ್ಚು ಸಲ ಹೀಗೆ ಕುಳಿತು ಏಳುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಬ್ಯಾಟುಗಾರನು ಒಂದು ತಪ್ಪಿನಿಂದ ಹೊರಹೋಗುವಂತೆ ರಕ್ಷಕನು ಹೋಗಲಾರ. ತಪ್ಪಿದ ಮೇಲೂ ಅಲ್ಲಿಯೇ ಕುಳಿತು, ತಾನು ಜೀವದಾನ ಕೊಟ್ಟ ಬ್ಯಾಟುಗಾರನು ಶತಕ ಬಾರಿಸುವುದನ್ನು ಎಲ್ಲರಿಗಿಂತ ಸಮೀಪದಿಂದ ನೋಡಬೇಕು.

ಈ ಶಿಕ್ಷಣದ ಫಲ 1973-74ರಲ್ಲಿ ಪ್ರಕಟವಾಯಿತು. ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದ ಆ ಕಾಲದಲ್ಲೇ ಪ್ರಸನ್ನ ಅವರ ನಾಯಕತ್ವದ ತಂಡವು, ಸತತವಾಗಿ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ತನ್ನಲ್ಲಿಟ್ಟುಕೊಂಡಿದ್ದ ಮುಂಬಯಿಯನ್ನು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಹಿಂದಿಕ್ಕಿತು. ಅನಂತರ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಥಮ ಬಾರಿಗೆ ಆ ಪ್ರಶಸ್ತಿಯನ್ನು ನಾಡಿಗೆ ತಂದಿತು. ಜಿ. ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್, ಪ್ರಸನ್ನ, ಚಂದ್ರಶೇಖರ್ ಇವರ ಹೆಸರುಗಳು ಮನೆಮಾತಾದವು. ಗೂಟದ ಹಿಂದಿನ ಹೆಸರು ಅಷ್ಟಾಗಿ ಕೇಳಿಬರಲಿಲ್ಲ.

ರಾಷ್ಟ್ರತಂಡದಲ್ಲಿಯೂ ಅವರು ಬಹುಕಾಲ ಕಾಯಬೇಕಾಯಿತು. 1971ರಲ್ಲಿ ಮತ್ತು 1974ರಲ್ಲಿ ತಂಡದೊಡನೆ ಇಂಗ್ಲೆಂಡ್ ಪ್ರವಾಸ ಮಾಡಿದರೂ ಇಂಜಿನಿಯರ್ ಅವರು ಇದ್ದುದರಿಂದ ಒಂದು ಟೆಸ್ಟೂ ದೊರೆಯಲಿಲ್ಲ. ಅಂತೂ 1976ರ ಜನವರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಆ ದಿನ ಬಂದಿತು. ಆ ಪಂದ್ಯದ ಮೊದಲ ಸರದಿಯಲ್ಲಿ ಚಂದ್ರಶೇಖರ್ 6 ವಿಕೆಟ್, ಎರಡನೆಯ ಸರದಿಯಲ್ಲಿ ಪ್ರಸನ್ನ 8 ವಿಕೆಟ್ ಪಡೆದರು. ಅಂದರೆ ಪರದೇಶದ ಅಂಗಳದಲ್ಲಿ, ಪ್ರಥಮ ಟೆಸ್ಟಿನಲ್ಲಿ, ಕಿರ್ಮಾನಿಯವರ ಎದುರಿಗಿದ್ದುದು ಬೆಂಗಳೂರಿನಲ್ಲಿ ನಿತ್ಯವೂ ಕಂಡ ಅದೇ ಎರಡು ಕೈಗಳು. ಮರುಪಂದ್ಯ ಕ್ರೈಸ್ಟ್‌ಚರ್ಚ್‌ನಲ್ಲಿ. ಅಲ್ಲಿ ಒಂದೇ ಸರದಿಯಲ್ಲಿ ಐದು ಕ್ಯಾಚು, ಒಂದು ಸ್ಟಂಪಿಂಗ್, ಒಟ್ಟು ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಐದು ವರ್ಷ ಕಾದವರು ಎರಡನೆಯ ಟೆಸ್ಟಿನಲ್ಲಿಯೇ ದಾಖಲೆಯ ಪುಟ ಸೇರಿದರು. ಅದೇ ವರ್ಷದ ಕೊನೆಗೆ ನ್ಯೂಜಿಲೆಂಡ್ ತಂಡ ಭಾರತಕ್ಕೆ ಬಂದಾಗ ಬ್ಯಾಟಿಂಗಿನ ಸರಾಸರಿಯಲ್ಲಿ ಭಾರತೀಯರೆಲ್ಲರಿಗಿಂತ ಮೊದಲಿಗರಾದರು. ಸರಾಸರಿ 65 ರನ್ನಿಗೂ ಮೇಲಿತ್ತು.

ಹೀಗಿದ್ದರೂ 1979ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಕೈಬಿಡಲಾಯಿತು. ಅಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಸುರಿಂದರ್ ಖನ್ನಾ, ಟೆಸ್ಟ್‌ಗಳಲ್ಲಿ ಭರತ್ ರೆಡ್ಡಿ ವಿಕೆಟ್ಟಿನ ಹಿಂದೆ ನಿಂತರು. ಇದಕ್ಕೆ ಅಂದಿನ ಪತ್ರಿಕೆಗಳಲ್ಲಿ ನಾನಾ ಕಾರಣಗಳು ಬಂದವು. ಅವುಗಳ ವಿಮರ್ಶೆ ಇಲ್ಲಿ ಅಪ್ರಸ್ತುತ. ಆಟದ ಕೊರತೆ ಅವುಗಳಲ್ಲಿ ಮುಖ್ಯವಾಗಿರಲಿಲ್ಲ ಎಂಬಷ್ಟನ್ನು ಹೇಳಬಹುದು. ಅದಕ್ಕೆ ಕಿರ್ಮಾನಿಯವರು ಕೊಟ್ಟ ಉತ್ತರ ಮೈದಾನದಲ್ಲಿ ಬಂದಿತು. ಅದೇ ವರ್ಷ ನವೆಂಬರಿನಲ್ಲಿ ಆಸ್ಟ್ರೇಲಿಯದ ವಿರುದ್ಧದ ಮುಂಬಯಿ ಟೆಸ್ಟಿನಲ್ಲಿ ದಿನದ ಆಟ ಮುಗಿಯುವ ಹೊತ್ತಿಗೆ ಅವರನ್ನು ‘ರಾತ್ರಿ ಕಾವಲುಗಾರ’ನಾಗಿ ಕಳುಹಿಸಲಾಯಿತು. ಬೆಳಕು ಮಾಸುವ ವೇಳೆಯಲ್ಲಿ ಮುಖ್ಯ ಬ್ಯಾಟುಗಾರನು ಔಟಾಗುವ ಬದಲು, ಹೋದರೂ ನಷ್ಟವಿಲ್ಲವೆನ್ನುವಂಥವನನ್ನು ಮುಂದೆ ತಳ್ಳುವ ಉಪಾಯಕ್ಕೆ ಈ ಹೆಸರು. ಆ ಕಾವಲುಗಾರ ಮಾರನೆಯ ದಿನವೂ ಕಾವಲು ಬಿಡಲಿಲ್ಲ. ಔಟಾಗದೆ 101 ರನ್ ಗಳಿಸಿದರು. ಟೆಸ್ಟ್ ಚರಿತ್ರೆಯಲ್ಲಿ ಕಾವಲುಗಾರನಾಗಿ ಬಂದು ಶತಕ ಹೊಡೆದವರಲ್ಲಿ ಅವರು ಮೂರನೆಯವರು. ಭಾರತವು ಆ ಪಂದ್ಯವನ್ನು ಗೆದ್ದು ಆಸ್ಟ್ರೇಲಿಯದ ವಿರುದ್ಧ ತನ್ನ ಮೊದಲ ಸರಣಿ ವಿಜಯವನ್ನು ಸಾಧಿಸಿತು.

ಶತಕವನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ದೊಡ್ಡದಾದ ಸಾಧನೆಯೊಂದು 1981-82ರಲ್ಲಿ ನಡೆಯಿತು. ಅದನ್ನು ನೆನೆಯುವವರು ವಿರಳ. ಬ್ಯಾಟಿಗೂ ಮೈಗೂ ತಾಗದೆ ರಕ್ಷಕನನ್ನು ದಾಟಿಹೋದ ಚೆಂಡಿಗೆ ಓಡಿ ಪಡೆದ ರನ್ನನ್ನು ‘ಬೈ’ ಎನ್ನುತ್ತಾರೆ. ಸ್ಕೋರು ಪುಸ್ತಕದಲ್ಲಿ ಅದು ಇತರೆ ರನ್ನುಗಳ ಸಾಲಿಗೆ ಸೇರುತ್ತದೆ. ಆ ಸಾಲಿನಿಂದ ರಕ್ಷಕನಿಗೆ ನಿಂದೆಯುಂಟು, ಪ್ರಶಂಸೆಯಿಲ್ಲ. ಆ ಋತುವಿನ ಸರಣಿಯಲ್ಲಿ ಸತತ ಮೂರು ಟೆಸ್ಟ್‌ಗಳಲ್ಲಿ ಇಂಗ್ಲೆಂಡ್ ತಂಡ ರನ್ನುಗಳನ್ನು ರಾಶಿ ಹಾಕಿತು. ಅಷ್ಟೂ ಅವಧಿಯಲ್ಲಿ ಕಿರ್ಮಾನಿಯವರು ಬಿಟ್ಟುಕೊಟ್ಟ ಬೈ ಸೊನ್ನೆ. ಸಾವಿರಾರು ಚೆಂಡುಗಳು, ನಾಲ್ಕೈದು ಬಗೆಯ ಬೌಲರುಗಳು, ಬಿರುಕುಬಿಟ್ಟ ನೆಲ, ಐದೈದು ದಿನಗಳ ದಣಿವು: ಇವೆಲ್ಲದರ ಫಲವಾಗಿ ಪುಸ್ತಕದಲ್ಲಿ ಉಳಿದದ್ದು ಒಂದು ಸೊನ್ನೆ. ಇದನ್ನು ಸಾಧನೆಯೆಂದು ಕಾಣಲು ಸ್ಕೋರು ಪುಸ್ತಕವನ್ನು ಬೇರೆ ಬಗೆಯಲ್ಲಿ ಓದಬೇಕಾಗುತ್ತದೆ. 1982ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು.

1983ರ ವಿಶ್ವಕಪ್ಪಿನ ಕಥೆ ಸರ್ವವಿದಿತ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ವಿರುದ್ಧ ಭಾರತದ ಐದು ವಿಕೆಟ್ಟುಗಳು 17 ರನ್ನಿಗೆ ಉರುಳಿದ್ದೂ, ನಾಯಕ ಕಪಿಲ್ ದೇವ್ ಅವರು ಔಟಾಗದೆ 175 ರನ್ ಹೊಡೆದದ್ದೂ ಹಲವರಿಗೆ ಬಾಯಿಪಾಠ. ಎಂಟನೆಯ ವಿಕೆಟ್ 140ಕ್ಕೆ ಬಿದ್ದಾಗ ಬಂದ ಕಿರ್ಮಾನಿಯವರು ಮುರಿಯದ ಒಂಬತ್ತನೆಯ ವಿಕೆಟ್ ಜೊತೆಯಾಟದಲ್ಲಿ ನಾಯಕನೊಡನೆ 126 ರನ್ ಕೂಡಿಸಿದರು. ಅದರಲ್ಲಿ ಅವರ ಪಾಲು 24 ಮಾತ್ರ. ಒಂದು ತುದಿಯಲ್ಲಿ ಸಿಡಿಲು ಹೊಡೆಯುತ್ತಿರುವಾಗ ಇನ್ನೊಂದು ತುದಿಯಲ್ಲಿ ತಾನೂ ಹೊಡೆಯಬೇಕೆಂಬ ಚಾಪಲ್ಯವನ್ನು ಅಡಗಿಸುವುದು ಸುಲಭವಲ್ಲ. ಆ ಜೊತೆಯಾಟದ ದಾಖಲೆ 2010ರವರೆಗೆ ಅಳಿಯಲಿಲ್ಲ. ಅದೇ ಪಂದ್ಯಾವಳಿಯಲ್ಲಿ ಲೆಸ್ಟರ್ ನಗರದಲ್ಲಿ ಜಿಂಬಾಬ್ವೆಯ ವಿರುದ್ಧವೇ ಐದು ಕ್ಯಾಚ್‌ಗಳನ್ನು ಹಿಡಿದಿದ್ದರು. ವೆಸ್ಟ್ ಇಂಡೀಸಿನೊಡನೆ ನಡೆದ ಅಂತಿಮ ಪಂದ್ಯದಲ್ಲಿ ಬಲ್ವಿಂದರ್ ಸಿಂಗ್ ಸಂಧು ಅವರ ಬೌಲಿಂಗಿನಲ್ಲಿ ಬಾಕಸ್ ಅವರ ಬ್ಯಾಟಿಗೆ ಸವರಿದ ಚೆಂಡನ್ನು ಮಗ್ಗುಲಿಗೆ ಹಾರಿ ಹಿಡಿದರು. ಪಂದ್ಯಾವಳಿಯ ಶ್ರೇಷ್ಠ ವಿಕೆಟ್ ರಕ್ಷಕನೆಂಬ ಪ್ರಶಸ್ತಿ ಅವರದಾಯಿತು. ಪ್ರಶಸ್ತಿ ಪ್ರದಾನ ಮಾಡಿದವರು ಇಂಗ್ಲೆಂಡಿನ ಪ್ರಸಿದ್ಧ ರಕ್ಷಕ ಗಾಡ್‌ಫ್ರಿ ಇವಾನ್ಸ್. ಈ ವಿದ್ಯೆಯನ್ನು ಬಲ್ಲವರ ಕೈಯಿಂದ ಬಂದ ಮನ್ನಣೆಯಾದ್ದರಿಂದ ಅದರ ತೂಕ ಹೆಚ್ಚು.

ಅಂದಿನ ವೃತ್ತಿ ಕ್ರಿಕೆಟಿಗನ ಸಂಪಾದನೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಈಗಿನ ಓದುಗರಿಗೆ ಚಿತ್ರ ಪೂರ್ಣವಾಗದು. ವಿಶ್ವಕಪ್ ಗೆದ್ದು ಬಂದವರಿಗೆ ಕೊಡಲು ಕ್ರಿಕೆಟ್ ಮಂಡಳಿಯ ಬೊಕ್ಕಸದಲ್ಲಿ ತಕ್ಕಷ್ಟು ಹಣವಿರಲಿಲ್ಲ. ಲತಾ ಮಂಗೇಶ್ಕರ್ ಅವರು ದೆಹಲಿಯಲ್ಲಿ ಸಂಗೀತ ಕಛೇರಿ ನಡೆಸಿಕೊಟ್ಟು, ಅದರಿಂದ ಬಂದ ಹಣದಲ್ಲಿ ಆಟಗಾರರಿಗೆ ತಲಾ ಒಂದು ಲಕ್ಷ ರೂಪಾಯಿ ಸಂದಿತು. ಬ್ಯಾಂಕುಗಳೂ ಸರ್ಕಾರಿ ಉದ್ಯಮಗಳೂ ಆಟಗಾರರಿಗೆ ನೌಕರಿ ಕೊಟ್ಟು ಪೊರೆಯುತ್ತಿದ್ದ ಕಾಲ ಅದು.

ಮುಂದಿನ ಎರಡು ವರ್ಷಗಳಲ್ಲಿ ಅವರ ಬ್ಯಾಟು ಮತ್ತೆರಡು ಬಾರಿ ತಂಡಕ್ಕೆ ಆಸರೆಯಾಯಿತು. 1983ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಸುನಿಲ್ ಗಾವಸ್ಕರ್ ಅವರೊಡನೆ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 143 ರನ್ ಸೇರಿಸಿದರು. ಗಾವಸ್ಕರ್ ಅವರ 236 ಅಂದು ಪೂರ್ಣವಾಯಿತು. ಮರುವರ್ಷ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ 102 ರನ್ ಗಳಿಸಿ, ರವಿ ಶಾಸ್ತ್ರಿಯವರೊಡನೆ ಏಳನೆಯ ವಿಕೆಟ್ಟಿಗೆ 235 ರನ್ ಕೂಡಿಸಿದರು. ಒಮ್ಮೆ, ನಾಗಪುರದಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟು ಫಲವಿಲ್ಲದೆ ಮುಗಿಯುತ್ತಿದ್ದಾಗ, ಕೈಗವಸು ಕಳಚಿಟ್ಟು ಬೌಲಿಂಗ್ ಮಾಡಿ ಅಜೀಂ ಹಫೀಜ್ ಅವರ ವಿಕೆಟ್ಟನ್ನೂ ಉರುಳಿಸಿದ್ದುಂಟು!

ಆದರೆ ಸ್ಥಾನ ಒಂದೇ ಎಂಬ ನಿಯಮ ಅವರನ್ನೂ ಬಿಡಲಿಲ್ಲ. ಮುಂಬಯಿ ಶತಕದ ಬಳಿಕ ಮೂರು ತಿಂಗಳೊಳಗೆ, 1985ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿಗೆ ಬೆಂಗಳೂರಿನವರೇ ಆದ, ಇಪ್ಪತ್ತೆರಡರ ಹರೆಯದ ಸದಾನಂದ ವಿಶ್ವನಾಥ್ ಅವರು ಆಯ್ಕೆಯಾದರು. ಮಿಂಚಿನಂಥ ಕೈಚಳಕದಿಂದ ಅವರು ಭಾರತದ ಗೆಲುವಿನಲ್ಲಿ ದೊಡ್ಡ ಪಾಲು ಪಡೆದರು. ಹಿಂದೆ ಇಂಜಿನಿಯರ್ ಅವರ ನೆರಳಿನಲ್ಲಿ ಕಾದವರು ಈಗ ತಮ್ಮ ಊರಿನ ಕಿರಿಯನಿಗೆ ಸ್ಥಾನ ಬಿಟ್ಟುಕೊಡಬೇಕಾಯಿತು. ವಿಶ್ವನಾಥ್ ಅವರ ಉದಯದಷ್ಟೇ ಬೇಗ ಅಸ್ತವೂ ಆಯಿತು. 3 ಟೆಸ್ಟ್ ಹಾಗೂ 22 ಒಂದು ದಿನದ ಪಂದ್ಯಗಳಿಗೆ ಅವರ ಅಂತರರಾಷ್ಟ್ರೀಯ ಜೀವನ ಮುಗಿಯಿತು. ಮುಂದೆ ಅವರು ಅಂಪೈರ್ ವೃತ್ತಿಯನ್ನು ಕೈಗೊಂಡರು. ಪಿಚ್ಚಿನ ಒಂದು ತುದಿಯಲ್ಲಿ ಕುಳಿತು ಕೂಗಿ ಅಪೀಲು ಮಾಡುತ್ತಿದ್ದವರು ಮತ್ತೊಂದು ತುದಿಯಲ್ಲಿ ನಿಂತು ಅಪೀಲು ಕೇಳುವವರಾದರು. ಕಿರ್ಮಾನಿಯವರು 1985ರ ಡಿಸೆಂಬರಿನಲ್ಲಿ ಮರಳಿ ಬಂದು ಆಸ್ಟ್ರೇಲಿಯದಲ್ಲಿ ಮೂರು ಟೆಸ್ಟ್ ಆಡಿದರು. 1986ರ ಜನವರಿಯ ಸಿಡ್ನಿ ಪಂದ್ಯವೇ ಕೊನೆಯದು. ಆಕ್ಲೆಂಡಿನಿಂದ ಸಿಡ್ನಿಗೆ ಸರಿಯಾಗಿ ಹತ್ತು ವರ್ಷ. ಒಟ್ಟು 88 ಟೆಸ್ಟ್, 2759 ರನ್, 160 ಕ್ಯಾಚು, 38 ಸ್ಟಂಪಿಂಗ್. ಔಟ್ ಮಾಡಿದ 198ರ ಆ ಸಂಖ್ಯೆ, ಮಹೇಂದ್ರ ಸಿಂಗ್ ಧೋನಿಯವರು ದಾಟುವವರೆಗೆ, ಸುಮಾರು ಕಾಲು ಶತಮಾನ ಭಾರತೀಯ ದಾಖಲೆಯಾಗಿ ನಿಂತಿತು. ಅದರಲ್ಲಿಯ 38 ಸ್ಟಂಪಿಂಗ್‌ಗಳೇ ಅವರ ನಿಜವಾದ ಬಿರುದು. ಗೂಟಕ್ಕೆ ಅಂಟಿ ಕುಳಿತ ದಿನಗಳ ಕೂಲಿ ಅದು.

ಅವರ ನಂತರ ಆಯ್ಕೆಗಾರರ ತಕ್ಕಡಿ ನಿಧಾನವಾಗಿ ಬ್ಯಾಟಿನ ಕಡೆಗೆ ವಾಲಿತು. ಹಿಂದೆ ‘ಹಿಡಿಯಬಲ್ಲವನು ಯಾರು? ಅವನು ಸ್ವಲ್ಪ ಬ್ಯಾಟನ್ನೂ ಬೀಸಬಲ್ಲನೆ?’ ಎಂದು ಕೇಳುತ್ತಿದ್ದರು. ಈಗ ‘ಬ್ಯಾಟುಗಾರರಲ್ಲಿ ಕೈಗವಸು ತೊಡಬಲ್ಲವನು ಯಾರು?’ ಎಂದು ಕೇಳುತ್ತಾರೆ. ಬೆಂಗಳೂರಿನ ರಾಹುಲ್ ದ್ರಾವಿಡ್ ಅವರು 2003ರ ವಿಶ್ವಕಪ್ಪಿನಲ್ಲಿ ವಿಕೆಟ್ಟಿನ ಹಿಂದೆ ನಿಂತದ್ದರಿಂದ ತಂಡಕ್ಕೆ ಏಳನೆಯ ಬ್ಯಾಟುಗಾರನೊಬ್ಬ ದೊರೆತನು, ಭಾರತವು ಅಂತಿಮ ಪಂದ್ಯದವರೆಗೆ ನಡೆಯಿತು. 2023ರ ವಿಶ್ವಕಪ್ಪಿನಲ್ಲಿ ಕರ್ನಾಟಕದವರೇ ಆದ ಕೆ. ಎಲ್. ರಾಹುಲ್ ಅದೇ ಭಾರ ಹೊತ್ತು 452 ರನ್ ಗಳಿಸಿದರು. ಲೆಕ್ಕಾಚಾರದಲ್ಲಿ ಇದು ತಪ್ಪೆನ್ನಲಾಗದು. ಇಬ್ಬರೂ ಶ್ರದ್ಧೆಯಿಂದ ಆ ವಿದ್ಯೆಯನ್ನು ಕಲಿತರು. ರಾಹುಲ್ ಅವರಂತೂ ನಿಪುಣರೇ ಆದರು. ಆದರೂ ಈ ನೀತಿಯಿಂದ ನಷ್ಟವಾದದ್ದು, ಬ್ಯಾಟು ಸಾಧಾರಣವಾಗಿದ್ದು ಕೈ ಮಾತ್ರ ಅಸಾಧಾರಣವಾಗಿರುವ ಹುಡುಗನಿಗೆ. ಶಾಲಾ ತಂಡಗಳ ಆಯ್ಕೆಯಲ್ಲಿಯೂ ಇಂಥ ಹುಡುಗರು ಇಂದು ಮೊದಲ ಸುತ್ತಿನಲ್ಲಿಯೇ ಹೊರಬೀಳುತ್ತಾರೆ. ಅವರು ಹಿಡಿದದ್ದು ಅಂಕಿಯಾಗಿ ಕಾಣುವುದಿಲ್ಲ, ಹೊಡೆಯದೆ ಹೋದದ್ದು ಕಾಣುತ್ತದೆ. ಕ್ರೀಡಾಶಿಕ್ಷಕರು ಆಲೋಚಿಸಬೇಕಾದ ವಿಷಯವಿದು.

ಕಾಲದ ವೈಚಿತ್ರ್ಯವೆಂಬಂತೆ 2003-04ರಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷಪೀಠ ಕಿರ್ಮಾನಿಯವರದಾಯಿತು. 1979ರಲ್ಲಿ ಕೈಬಿಡಲ್ಪಟ್ಟವರು ಹೆಸರುಗಳನ್ನು ಬರೆಯುವ ಮೇಜಿನ ತಲೆಯಲ್ಲಿ ಕುಳಿತರು. ಆ ಅವಧಿಯಲ್ಲಿ ಟೆಸ್ಟ್‌ಗಳಲ್ಲಿ ಹದಿನೇಳರ ಪ್ರಾಯದಲ್ಲಿಯೇ ತಂಡ ಸೇರಿದ್ದ ಪಾರ್ಥಿವ್ ಪಟೇಲ್ ವಿಕೆಟ್ ರಕ್ಷಣೆ ಮಾಡುತ್ತಿದ್ದರು. ಒಂದು ದಿನದ ಪಂದ್ಯಗಳಲ್ಲಿ ಕೈಗವಸು ತೊಟ್ಟಿದ್ದವರು ದ್ರಾವಿಡ್. 2015ರ ಸಿ. ಕೆ. ನಾಯ್ಡು ಜೀವಮಾನ ಸಾಧನೆ ಪ್ರಶಸ್ತಿ ಕಿರ್ಮಾನಿಯವರಿಗೆ ಸಂದಿತು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 2024ರಲ್ಲಿ, ಅವರು ಆತ್ಮಕಥೆಯನ್ನು ಹೊರತಂದರು. ಅದಕ್ಕೆ ಅವರಿಟ್ಟ ಹೆಸರು ‘ಸ್ಟಂಪ್ಡ್’.